ಕ್ಯಾಂಪರ್ ವ್ಯಾನ್ ಬ್ಯಾಟರಿ: ಟರ್ಮಿನಲ್‌ಗೆ ಪುಡಿ ಕಟ್ಟುವುದೇಕೆ, ತೆಗೆಯುವುದು ಹೇಗೆ?

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಕಂಡರೆ ಉಜ್ಜಿ ತೆಗೆದು ಸುಮ್ಮನಾಗುವವರೇ ಹೆಚ್ಚು. ಸ್ವಲ್ಪ ದಿನಕ್ಕೆ ಅದು ಮತ್ತೆ ಹಾಜರ್. ನೀರು ಹಾಕುವ ಲೆಡ್-ಆಸಿಡ್ (ಸೀಸ ಮತ್ತು ಆಸಿಡ್‌ನ) ಬ್ಯಾಟರಿಯಲ್ಲಿ ಆ ಪುಡಿಗೆ ಮೂಲ ಒಳಗಿನ ಆಸಿಡ್. ಚಾರ್ಜ್ ಆಗುವಾಗ ಏಳುವ ಗುಳ್ಳೆಗಳ ಜೊತೆ ತುಂತುರಾಗಿ ಹೊರಬರುತ್ತದೆ, ಇಲ್ಲವೇ ಟರ್ಮಿನಲ್ ಬುಡದಲ್ಲಿ ಜಿನುಗುತ್ತದೆ. ಪುಡಿ ನೀಲಿ-ಹಸಿರಾಗಿದ್ದರೆ ಕೇಬಲ್ಲಿನ ತಾಮ್ರವೂ ಕರಗುತ್ತಿದೆ ಎಂದರ್ಥ.

ಮೊದಲು ಸ್ವಚ್ಛತೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಹಾಕಿ. ಉಂಗುರ, ಬಳೆ ತೆಗೆದಿಡಿ. ಸೋಲಾರ್, ಚಾರ್ಜರ್ ಎರಡನ್ನೂ ಆಫ್ ಮಾಡಿ. ಬ್ಯಾಟರಿ ಒಂದಕ್ಕಿಂತ ಹೆಚ್ಚಿದ್ದರೆ ವೈರಿಂಗ್‌ನ ಫೋಟೊ ತೆಗೆದುಕೊಳ್ಳಿ. ಬಿಚ್ಚುವಾಗ ನೆಗೆಟಿವ್ ಮೊದಲು. ಅದು ಕಳಚಿದ ಮೇಲೆ, ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಚಾಸಿಗೆ (ವ್ಯಾನಿನ ಲೋಹದ ಚೌಕಟ್ಟಿಗೆ) ತಗುಲಿದರೂ ಶಾರ್ಟ್ ಆಗುವುದಿಲ್ಲ.

ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಟರ್ಮಿನಲ್ಲಿಗೆ ಹಚ್ಚಿ. ಬುರುಬುರು ನೊರೆ ಬರುತ್ತದೆ; ನೊರೆ ನಿಲ್ಲುವವರೆಗೂ ಹಚ್ಚುತ್ತಿರಿ. ಇಷ್ಟೂ ಹೊತ್ತು ಸೆಲ್‌ಗಳ (ಬ್ಯಾಟರಿಯೊಳಗಿನ ಆಸಿಡ್ ತುಂಬಿದ ಖಾನೆಗಳ) ಮುಚ್ಚಳ ಬಿಗಿಯಾಗಿರಬೇಕು: ಸೋಡಾ ಒಳಗೆ ಹೋದರೆ ಅಲ್ಲಿನ ಆಸಿಡ್ಡೂ ಸತ್ವ ಕಳೆದುಕೊಳ್ಳುತ್ತದೆ. ಸೀಸದ ಹೊಳಪು ಕಾಣುವ ತನಕ ತಂತಿ ಬ್ರಷ್‌ನಿಂದ ಉಜ್ಜಿ, ನೀರಿನಲ್ಲಿ ತೊಳೆದು, ಪೂರ್ತಿ ಒರೆಸಿ.

ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಕೇಬಲ್ಲಿನ ಲಗ್ (ತುದಿಯ ಲೋಹದ ಬಳೆ) ನೇರವಾಗಿ ಸೀಸದ ಮೇಲೆ ಕೂರಬೇಕು, ವಾಷರ್ ಇರಬೇಕಾದ್ದು ಲಗ್ ಮತ್ತು ನಟ್ಟಿನ ನಡುವೆ. ಸ್ಟೀಲ್ ವಾಷರ್ ಲಗ್ಗಿನ ಕೆಳಗೆ ಸೇರಿಬಿಟ್ಟರೆ ಅಲ್ಲೇ ಬಿಸಿಯಾಗುತ್ತದೆ. ವ್ಯಾಸಲೀನ್ ಸವರುವುದು ನಟ್ ಬಿಗಿ ಮಾಡಿದ ಮೇಲೆ, ಹೊರಗಿನಿಂದ ಮಾತ್ರ.

ಇನ್ನು ನೀರು. ಪೂರ್ತಿ ಚಾರ್ಜ್ ಆದ ಮೇಲೆಯೇ ಹಾಕಿ, ಏಕೆಂದರೆ ಚಾರ್ಜ್ ಆಗುತ್ತಾ ದ್ರವ ಉಬ್ಬುತ್ತದೆ. ಮೊದಲೇ ತುಂಬಿಸಿದರೆ ಉಕ್ಕಿ ಹೊರಬಂದು ಪುಡಿಯಾಗುತ್ತದೆ. ಸೆಲ್ ಒಳಗಿನ ಸೀಸದ ಪ್ಲೇಟ್ ಒಣಗಿ ಕಾಣುತ್ತಿದ್ದರೆ ಮಾತ್ರ, ಅದು ಮುಳುಗುವಷ್ಟು ನೀರು ಮೊದಲೇ ಹಾಕಬಹುದು. ನೀರು ಹಾಕುವ ರಂಧ್ರದ ಕೊಳವೆಯ ಕೆಳತುದಿಗಿಂತ ಸುಮಾರು 3 ಮಿ.ಮೀ. ಕೆಳಗೆ ನಿಲ್ಲಿಸಿ. ಡಿಸ್ಟಿಲ್ಡ್ ವಾಟರ್ ಸಾಕು. ಕಡಿಮೆಯಾಗುವುದು ನೀರೇ, ಆದ್ದರಿಂದ ಆಸಿಡ್ ಸೇರಿಸಬೇಡಿ.

ನೀರು ಬೇಗಬೇಗ ಇಳಿಯುತ್ತಿದ್ದರೆ, ಪುಡಿಯೂ ಮರಳುತ್ತಿದ್ದರೆ, ಚಾರ್ಜರ್ ಮೇಲೆಯೇ ಅನುಮಾನ ಪಡಬೇಕು. 12 ವೋಲ್ಟ್ ಬ್ಯಾಟರಿ ತುಂಬಿದ ಮೇಲೆ ಚಾರ್ಜರ್ ತಾನಾಗಿ 13.2ರಿಂದ 13.6 ವೋಲ್ಟ್‌ಗೆ ಇಳಿಯಬೇಕು. ದಿನವಿಡೀ 14ರ ಮೇಲೇ ನಿಂತಿದ್ದರೆ ಬ್ಯಾಟರಿ ಕುದಿಯುತ್ತಿದೆ.

ವ್ಯಾನ್ ಬಳಸದೆ ನಿಲ್ಲಿಸುವಾಗ ನೆಗೆಟಿವ್ ಕಳಚಿ. ದೀಪ ಆರಿಸಿದರೂ ಗ್ಯಾಸ್ ಡಿಟೆಕ್ಟರ್‌ನಂಥವು ಸದ್ದಿಲ್ಲದೆ ಕರೆಂಟ್ ಎಳೆಯುತ್ತಿರುತ್ತವೆ. ತಿಂಗಳಿಗೊಮ್ಮೆ ಮಲ್ಟಿಮೀಟರ್ ಹಿಡಿದು ನೋಡಿ: 12.6 ಇದ್ದರೆ ತುಂಬಿದೆ, 12.4ಕ್ಕೆ ಇಳಿದರೆ ಚಾರ್ಜ್‌ಗೆ ಹಾಕಿ. ಅರೆಬರೆ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ.