ಹೆಚ್ಚು ಎಚ್‌ಪಿಯ ಗಾಡಿಗೆ ಗಟ್ಟಿ ಹೌಸಿಂಗ್ ಆರಿಸುವುದು ಹೇಗೆ?

ದೊಡ್ಡ ಇಂಜಿನ್ ಕೂರಿಸುತ್ತಾರೆ, ಟೈರ್ ಅಗಲ ಮಾಡಿಸುತ್ತಾರೆ, ಹಿಂದಿನ ಹೌಸಿಂಗ್ (ಆಕ್ಸಲ್ ಮತ್ತು ಡಿಫರೆನ್ಷಿಯಲ್ ಕೂರುವ ಲೋಹದ ಕವಚ) ಮಾತ್ರ ಮೊದಲಿನದೇ ಇರುತ್ತದೆ. ಹಳೆ ಜೀಪ್, ಕಾಂಟೆಸಾದಂಥ ಗಾಡಿಗಳಲ್ಲಿ ಚಕ್ರವನ್ನು ತಿರುಗಿಸುವ ಆಕ್ಸಲ್ ಶಾಫ್ಟ್ ತುಂಡಾಗುವುದು ಸಾಮಾನ್ಯವಾಗಿ ಹೆದ್ದಾರಿಯ ವೇಗದಲ್ಲಲ್ಲ. ಹಂಪ್ ದಾಟಿ ಮೊದಲ ಗೇರಿನಲ್ಲಿ ಜೋರಾಗಿ ಎಕ್ಸಲೇಟರ್ ಒತ್ತಿದಾಗ ಅದು ಮುರಿಯುತ್ತದೆ. ಕಲಬುರಗಿ ಸುತ್ತಿನ ಎರೆಮಣ್ಣಿನ ಹಾದಿಯಲ್ಲಿ ಜಾರಿ ಗಿರಗಿರ ತಿರುಗುತ್ತಿದ್ದ ಚಕ್ರ ಏಕಾಏಕಿ ಡಾಂಬರು ಹಿಡಿದಾಗಲೂ ಮುರಿಯುತ್ತದೆ. ಹೌಸಿಂಗ್ ಆರಿಸುವಾಗ ಲೆಕ್ಕ ಹಾಕಬೇಕಾದದ್ದು ಈ ಏಟನ್ನೇ.

ಮೊದಲು ಟಾರ್ಕ್ ಲೆಕ್ಕ

ಆಕ್ಸಲ್‌ಗೆ ಎಚ್‌ಪಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ತಿರುಚುವ ಬಲ. ಇಂಜಿನ್ ಟಾರ್ಕ್ 300 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 4, ಕ್ರೌನ್-ಪಿನಿಯನ್ (ಹೌಸಿಂಗ್ ಒಳಗಿನ ದೊಡ್ಡ-ಚಿಕ್ಕ ಗೇರಿನ ಜೋಡಿ) ಅನುಪಾತ 4 ಎಂದುಕೊಳ್ಳಿ. ಮೂರನ್ನೂ ಗುಣಿಸಿದರೆ 4,800 ನ್ಯೂಟನ್ ಮೀಟರ್. ಆದರೆ ಅಷ್ಟನ್ನೂ ಟೈರ್ ಹಿಡಿಯಲಾರದು. ಜೋರಾಗಿ ಎಳೆಯುವಾಗ ಹಿಂದಿನ ಚಕ್ರಗಳ ಮೇಲೆ 1000 ಕಿಲೋ ಭಾರವಿದ್ದು, ಟೈರಿನ ತ್ರಿಜ್ಯ 0.33 ಮೀಟರ್ ಇದ್ದರೆ, ಒಣ ಡಾಂಬರಿನ ಮೇಲೆ ಹಿಡಿತ 1000 × 9.81 (ಗುರುತ್ವ) × 0.9 (ಘರ್ಷಣೆಯ ಅಂಕಿ) × 0.33, ಅಂದರೆ ಸುಮಾರು 2,900 ನ್ಯೂಟನ್ ಮೀಟರ್. ಅದನ್ನು ಮೀರಿದರೆ ಟೈರ್ ಜಾರುತ್ತದೆ. ಈ ಎರಡರಲ್ಲಿ ಚಿಕ್ಕ ಅಂಕಿಯೇ ನಿಮ್ಮ ಅಳತೆಗೋಲು.

ಎರಡೂ ಚಕ್ರಕ್ಕೆ ಬಲ ಹಂಚುವ ಗೇರುಗಳೇ ಡಿಫರೆನ್ಷಿಯಲ್. ಸಾದಾ ಡಿಫರೆನ್ಷಿಯಲ್ ಈ 2,900ನ್ನು ಎರಡು ಶಾಫ್ಟ್‌ಗೂ ಸಮನಾಗಿ ಹಂಚುತ್ತದೆ. ಎರಡೂ ಚಕ್ರವನ್ನು ಒಟ್ಟಿಗೆ ಬಿಗಿಯುವ ಲಾಕರ್ ಇದ್ದು ಒಂದು ಚಕ್ರ ಮೇಲೆದ್ದರೆ ಹೆಚ್ಚುಕಡಿಮೆ ಇಡೀ ಬಲ ಒಂದೇ ಶಾಫ್ಟಿಗೆ ಬೀಳುತ್ತದೆ. ಹಾಗಾಗಿ ಲಾಕರ್ ಹಾಕುವ ಯೋಚನೆ ಇದ್ದರೆ ಶಾಫ್ಟ್ ದಪ್ಪವನ್ನು ಮೊದಲೇ ನಿರ್ಧರಿಸಿ. ಅಗಲ ಟೈರ್ ಹಾಕಿ ಹಿಡಿತ ಹೆಚ್ಚಿಸಿದಷ್ಟೂ ಶಾಫ್ಟಿಗೆ ಅಪಾಯ ಹೆಚ್ಚು.

ಶಾಫ್ಟ್: ಮಿಲಿಮೀಟರಿನ ಮಾತು

ದುಂಡನೆಯ ಶಾಫ್ಟಿನ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಅಮೆರಿಕದ ಹೌಸಿಂಗ್‌ಗಳಲ್ಲಿ 28 ಹಲ್ಲಿನ ಸ್ಪ್ಲೈನ್ (ತುದಿಯಲ್ಲಿ ಕಡೆದ ಉದ್ದುದ್ದ ಗೆರೆ) ಇರುವ ಶಾಫ್ಟ್ ಸುಮಾರು 30.5 ಮಿ.ಮೀ., 31 ಹಲ್ಲಿನದು 33.5 ಮಿ.ಮೀ., 35 ಹಲ್ಲಿನದು 38 ಮಿ.ಮೀ. ದಪ್ಪ. ಮೊದಲನೆಯದಕ್ಕಿಂತ ಎರಡನೆಯದು ಮೂರನೇ ಒಂದು ಪಾಲು ಹೆಚ್ಚು ತಾಳುತ್ತದೆ, ಮೂರನೆಯದು ಹತ್ತಿರ ಹತ್ತಿರ ಎರಡು ಪಟ್ಟು. ಲೋಹ, ಹದ ಒಂದೇ ಇದ್ದಾಗಿನ ಲೆಕ್ಕವಿದು. ಲೇತಿನಲ್ಲಿ ಸಾದಾ ಎಂ.ಎಸ್. (ಮೃದು ಉಕ್ಕಿನ) ರಾಡ್ ಕಡೆದು ಹೊಸ ಶಾಫ್ಟ್ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಶಾಖ ಸಂಸ್ಕರಣೆ ಆಗದ ಮೃದು ಉಕ್ಕು ಅದೇ ದಪ್ಪದಲ್ಲಿ ಬೇಗ ತಿರುಚಿಕೊಳ್ಳುತ್ತದೆ.

ಚಕ್ರ ಹೇಗೆ ನಿಂತಿದೆ ಎಂಬುದೂ ಅಷ್ಟೇ ಮುಖ್ಯ. ಕೆಲವು ಹೌಸಿಂಗ್‌ಗಳಲ್ಲಿ ಶಾಫ್ಟನ್ನು ಹಿಡಿದಿಡುವುದು ಡಿಫರೆನ್ಷಿಯಲ್ ಒಳಗಿನ ಸಿ ಆಕಾರದ ಕ್ಲಿಪ್ ಮಾತ್ರ. ಅಲ್ಲಿ ಶಾಫ್ಟ್ ಮುರಿದರೆ ತುಂಡಿನ ಸಮೇತ ಚಕ್ರವೇ ಹೊರಗೆ ಬರುತ್ತದೆ. ಹೆಚ್ಚು ಬಲದ ಗಾಡಿಗೆ ಅದು ಬೇಡ. ಹಳೆ ಜೀಪ್‌ಗಳಲ್ಲಿ ಚಕ್ರದ ಹಬ್ ಅನ್ನು ತುದಿಗೆ ಹೋದಂತೆ ಸಣ್ಣದಾಗುವ (ಟೇಪರ್) ಶಾಫ್ಟಿಗೆ ಕೀಲಿ ಹಾಕಿ ನಟ್ಟಿನಿಂದ ಬಿಗಿದಿರುತ್ತಾರೆ. ನಟ್ಟು ಸಡಿಲಾದರೆ ಕೀಲಿ ಕತ್ತರಿಸಿ ಹಬ್ ಅಲ್ಲೇ ತಿರುಗುತ್ತದೆ. ಶಾಫ್ಟ್ ಮತ್ತು ಫ್ಲೇಂಜ್ ಒಂದೇ ತುಂಡಾಗಿ ಬಂದಿರುವುದನ್ನು ಆರಿಸಿ. ಫುಲ್ ಫ್ಲೋಟಿಂಗ್ ಆದರೆ ಇನ್ನೂ ಒಳ್ಳೆಯದು: ಗಾಡಿಯ ಭಾರವನ್ನು ಹೌಸಿಂಗ್ ಕೊಳವೆಯೇ ಹೊರುತ್ತದೆ, ಶಾಫ್ಟ್ ಮುರಿದರೂ ಚಕ್ರ ನಿಂತಿರುತ್ತದೆ.

ಫೋರ್ಡ್ 9 ಇಂಚು, ಡಾನಾ 60 ಎಂದು ಹೆಸರು ಹಿಡಿದು ಹುಡುಕುವವರು ಅವು ಏಕೆ ಗಟ್ಟಿ ಎಂಬುದನ್ನು ತಿಳಿದುಕೊಳ್ಳಬೇಕು. 1957ರಲ್ಲಿ ಬಂದ ಫೋರ್ಡ್ 9 ಇಂಚಿನಲ್ಲಿ ಪಿನಿಯನ್ ತುದಿಗೂ ಒಂದು ಬೇರಿಂಗ್ ಇದೆ, ಹೀಗಾಗಿ ಪಿನಿಯನ್ ಕ್ರೌನಿನಿಂದ ದೂರ ಸರಿಯುವುದಿಲ್ಲ. ಡಾನಾ 60ರ ಕ್ರೌನ್ 9.75 ಇಂಚು, ಡಾನಾ 44ರದು 8.5 ಇಂಚು. ದೊಡ್ಡದು ಗಟ್ಟಿ, ಆದರೆ ಭಾರ. ಆ ಭಾರಕ್ಕೆ ಸ್ಪ್ರಿಂಗಿನ ಆಸರೆ ಇಲ್ಲದ್ದರಿಂದ ಪ್ರತಿ ತಗ್ಗಿನಲ್ಲೂ ಗಾಡಿ ಕುಟ್ಟುತ್ತದೆ. ನಮ್ಮ ರಸ್ತೆಗಳಿಗೆ ಬೇಕಾದಷ್ಟೇ ದೊಡ್ಡದು ಸಾಕು.

ಅನುಪಾತ

ಮೇಲೆ ಹೇಳಿದ 0.33 ಮೀಟರ್ ತ್ರಿಜ್ಯದ ಟೈರ್ ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ಟಾಪ್ ಗೇರಿನ ಅನುಪಾತ 1 ಎಂದಿಟ್ಟುಕೊಂಡರೆ 4.1ರ ಕ್ರೌನ್-ಪಿನಿಯನ್ ಅನುಪಾತಕ್ಕೆ ಇಂಜಿನ್ 3,300ರ ಹತ್ತಿರ, 3.55ಕ್ಕೆ 2,850ರ ಹತ್ತಿರ ಓಡುತ್ತದೆ. ಒಂದೇ ಅಳತೆಯ ಕ್ರೌನಿನಲ್ಲಿ ಅನುಪಾತ ಏರಿದಂತೆ ಪಿನಿಯನ್ ಚಿಕ್ಕದಾಗುತ್ತದೆ, ಹಲ್ಲಿನ ಬಲ ಕುಗ್ಗುತ್ತದೆ. ಟಾರ್ಕ್ ಸಾಕಷ್ಟಿರುವ ಇಂಜಿನ್‌ಗೆ 4.5ರ ಮೇಲೆ ಹೋಗುವ ಅಗತ್ಯವಿಲ್ಲ.

ಡಿಫರೆನ್ಷಿಯಲ್ ಒಳಗಿನ ಹಲ್ಲುಗಳನ್ನು ವೆಲ್ಡ್ ಮಾಡಿಸಿ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವುದು ರಸ್ತೆಯ ಗಾಡಿಗೆ ಖಂಡಿತ ಸಲ್ಲದು. ತಿರುವಿನಲ್ಲಿ ಟೈರ್ ಉಜ್ಜುತ್ತದೆ, ಮಳೆಯಲ್ಲಿ ಹಿಂಭಾಗ ಜಾರುತ್ತದೆ, ಶಾಫ್ಟ್ ಸದಾ ತಿರುಚಿನಲ್ಲೇ ಇರುತ್ತದೆ. ಅದರ ಬದಲು ಒಂದೇ ಚಕ್ರ ಜಾರುತ್ತಾ ಹೋಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಿ.

ಗುಜರಿಯಲ್ಲಿ ನೋಡಬೇಕಾದದ್ದು

ಹೈದರಾಬಾದ್ ಅಥವಾ ಸೊಲ್ಲಾಪುರದಿಂದ ಹಳೆ ಹೌಸಿಂಗ್ ತರುವುದಾದರೆ ಶಾಫ್ಟ್ ಎಳೆಸದೆ ಹಣ ಕೊಡಬೇಡಿ. ಸ್ಪ್ಲೈನಿನ ಎಣ್ಣೆ ಒರೆಸಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಗೆರೆಗಳು ನೂಲು ಹಿಡಿದಂತೆ ನೇರ ಇರಬೇಕು. ಹಗ್ಗದ ಹುರಿಯಂತೆ ತುಸು ಓರೆಯಾಗಿದ್ದರೂ ಆ ಶಾಫ್ಟ್ ಒಮ್ಮೆ ತನ್ನ ಮಿತಿ ದಾಟಿದೆ, ಮುಂದಿನ ಏಟಿಗೆ ಮುರಿಯಬಹುದು. ಸೀಲ್ ಕೂರುವ ಜಾಗಕ್ಕೆ ಉಗುರು ತಾಗಿಸಿ. ಗೀರು ಸಿಕ್ಕರೆ ಹೊಸ ಸೀಲ್ ಹಾಕಿದರೂ ಎಣ್ಣೆ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ.

ಹೌಸಿಂಗ್ ಬಾಗಿದೆಯೇ ಎಂದು ನೋಡಲು ಶಹಾಬಾದ್ ಕಲ್ಲಿನ ನೆಲದ ಮೇಲಿಟ್ಟು ಕಣ್ಣಳತೆ ಮಾಡಬೇಡಿ, ಆ ನೆಲ ಕಾಣುವಷ್ಟು ಸಪಾಟಲ್ಲ. ಎರಡೂ ತುದಿಗೆ ಸರಿ ಕೂರುವ ಬುಷ್ ಹಾಕಿ ನೇರ ರಾಡ್ ತೂರಿಸಿ. ಅದು ಮಧ್ಯದ ಬೇರಿಂಗ್ ಜಾಗದಲ್ಲಿ ನಟ್ಟನಡುವೆ ಹಾಯಬೇಕು.

ಆಮೇಲೆ ಅಳತೆ: ಫ್ಲೇಂಜಿನಿಂದ ಫ್ಲೇಂಜಿಗೆ ಅಗಲ, ಪಾಟಾ ಪಟ್ಟಿ (ಲೀಫ್ ಸ್ಪ್ರಿಂಗ್) ಕೂರುವ ಪ್ಯಾಡುಗಳ ಅಂತರ, ಬೋಲ್ಟ್ ವೃತ್ತ, ಬ್ರೇಕ್.

ಕೂರಿಸುವಾಗ

ಪ್ಯಾಡುಗಳನ್ನು ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಮಾತ್ರ ಮಾಡಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ. ಎಳೆಯುವಾಗ ಪಿನಿಯನ್ ಮೂತಿ ಮೇಲೇಳುತ್ತದೆ. ಆದ್ದರಿಂದ ಪಾಟಾ ಇರುವ ಗಾಡಿಯಲ್ಲಿ ಅದನ್ನು ಗೇರ್‌ಬಾಕ್ಸ್ ಶಾಫ್ಟಿಗೆ ಸಮಾನಾಂತರಕ್ಕಿಂತ 1ರಿಂದ 2 ಡಿಗ್ರಿ ಕೆಳಗಿಡಿ. ಕೋನ ತಪ್ಪಿದರೆ ನಡುಕ ಬರುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಬೇರಿಂಗ್ ಸವೆಯುತ್ತದೆ. ಪೂರ್ತಿ ವೆಲ್ಡನ್ನು ಎಡಕ್ಕಷ್ಟು ಬಲಕ್ಕಷ್ಟು, ಎರಡು ಇಂಚಿನಂತೆ ಆರಲು ಬಿಟ್ಟು ಮಾಡಿಸಿ. ಒಂದೇ ದಮ್ಮಿಗೆ ಎಳೆದರೆ ಕೊಳವೆ ಬಾಗುತ್ತದೆ.

ಕ್ರೌನ್-ಪಿನಿಯನ್ ಜೋಡಿ ಬದಲಿಸಿದರೆ ಕ್ರಶ್ ಸ್ಲೀವ್ (ಪಿನಿಯನ್ ಬಿಗಿದಾಗ ಕುಗ್ಗುವ ಕೊಳವೆ) ಇರುವ ಕಡೆ ಅದು ಹೊಸದೇ ಇರಬೇಕು. ಡಯಲ್ ಗೇಜಿನಲ್ಲಿ ಹಲ್ಲಿನ ಪ್ಲೇ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಇರುತ್ತದೆ, ಕೊನೆಯ ಮಾತು ಆ ಜೋಡಿಯ ಮ್ಯಾನುಯಲ್ಲಿನದು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಮೂಡಬೇಕು. ತುದಿಗೆ ಅಥವಾ ಬುಡಕ್ಕೆ ಸರಿದಿದ್ದರೆ ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಿ ಮತ್ತೆ ನೋಡಿ.

ಕಾನೂನಿನ ಮಾತು ಇಲ್ಲೇ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತ ಮಾರ್ಪಾಟನ್ನು ತಡೆಯುತ್ತದೆ, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ. ಇಂಜಿನ್ ಬದಲಿಗೂ ಪೂರ್ವಾನುಮತಿ ಬೇಕು. ಸಾಮಾನು ಕೊಳ್ಳುವ ಮೊದಲೇ ಕಲಬುರಗಿ, ಬೀದರ್ ಅಥವಾ ಯಾದಗಿರಿಯ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ಜಿಎಲ್-5 ದರ್ಜೆಯ ಗೇರ್ ಎಣ್ಣೆ ತುಂಬಿ. ಕ್ಲಚ್ ಬಗೆಯ ಲಿಮಿಟೆಡ್ ಸ್ಲಿಪ್ ಇದ್ದರೆ ಎಣ್ಣೆಗೆ ಬೆರೆಸುವ ಫ್ರಿಕ್ಷನ್ ಮಾಡಿಫೈಯರ್ ಕೂಡ ಬೇಕು. ಹೌಸಿಂಗ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ತೂತು ತೆರೆದಿರಲಿ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಲ್ಲಿ ಅದು ಧೂಳಿನಿಂದ ಕಟ್ಟಿಕೊಂಡರೆ ಒಳಗಿನ ಒತ್ತಡ ಸೀಲನ್ನು ಸೋರಿಸುತ್ತದೆ. ಮೊದಲ ದಿನ 25 ಕಿ.ಮೀ. ಮೆಲ್ಲಗೆ ಓಡಿಸಿ, ಅರ್ಧ ಗಂಟೆ ಆರಲು ಬಿಡಿ, ಹೀಗೆ ಮೂರು ಸಲ. 800 ಕಿ.ಮೀ.ಗೆ ಎಣ್ಣೆ ಬದಲಿಸಿ ಡ್ರೈನ್ ಪ್ಲಗ್ಗಿನ ಅಯಸ್ಕಾಂತವನ್ನು ಬೆರಳಿಂದ ಒರೆಸಿ ನೋಡಿ. ಕಾಡಿಗೆಯಂಥ ನುಣ್ಣನೆಯ ಕಪ್ಪು ಬಂದರೆ ಸರಿ. ಬೆರಳಿಗೆ ಚುಚ್ಚುವ ಚಕ್ಕೆ ಸಿಕ್ಕರೆ ಗಾಡಿ ಅಲ್ಲೇ ನಿಲ್ಲಿಸಿ, ಹೌಸಿಂಗ್ ಮತ್ತೆ ಬಿಚ್ಚಿಸಿ.