ಪೆರೆಲೆಶಿನ್ ಬದುಕನ್ನು ಓದಲು ಹೊರಟವರಿಗೆ

ಮೊದಲು ಒಂದು ನಕ್ಷೆ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಯಾರ ಜೀವನಚರಿತ್ರೆ ಓದಿದರೂ ನಾನು ಮಾಡೋದು ಹೀಗೇ. ರಷ್ಯನ್ ಕವಿ, ಅನುವಾದಕ ವಲೇರಿ ಪೆರೆಲೆಶಿನ್ ಹುಟ್ಟಿದ್ದು 1913ರಲ್ಲಿ, ಸೈಬೀರಿಯಾದ, ಇರ್ಕುಟ್ಸ್ಕ್‌ನಲ್ಲಿ. 1920ರಲ್ಲಿ ತಾಯಿಯ ಜೊತೆ ಚೀನಾದ ಹಾರ್ಬಿನ್ ಸೇರಿದರು. ಆಮೇಲೆ ಬೀಜಿಂಗ್, ಶಾಂಘೈ. 1953ರಲ್ಲಿ ಬ್ರೆಜಿಲ್! ಗೆರೆ ಎಳೆದು ನೋಡಿ, ಪೆನ್ಸಿಲ್ ಮಹಾಸಾಗರವನ್ನೇ ದಾಟಬೇಕು.

ಗ್ರಂಥಾಲಯದಲ್ಲಿ ಹುಡುಕುವಾಗ ಸಲಾಟ್ಕೊ-ಪೆಟ್ರಿಶ್ಚೆ ಅಂತಲೂ ಹಾಕಿ ನೋಡಿ. ಅದು ಅವರ ಮೂಲ ಹೆಸರು.

ಬೀಜಿಂಗ್‌ನ ರಷ್ಯನ್ ಆರ್ಥೊಡಾಕ್ಸ್ ಮಿಷನ್‌ನಲ್ಲಿ ಸನ್ಯಾಸಿಯಾಗಿದ್ದ ವರ್ಷಗಳನ್ನು ಸುಮ್ನೆ ದಾಟಿ ಹೋಗಬೇಡಿ.

ಅವರ ಅನುವಾದಗಳಲ್ಲಿ ಮೊದಲು ಪ್ರಾಚೀನ ಚೀನೀ ಕಾವ್ಯ 'ಲಿ ಸಾವ್' ಹಿಡಿಯಿರಿ. ಅದರ ಕವಿ ಚೂ ಯುವಾನ್ ಕೂಡ ಗಡಿಪಾರಾದವನೇ, ಅಲ್ವಾ? ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾದ ಊರನ್ನೂ ನೋಡಿ: ಫ್ರಾಂಕ್‌ಫರ್ಟ್, 1975. ಭಾಷೆ ರಷ್ಯನ್, ಅನುವಾದಕ ಇದ್ದದ್ದು ರಿಯೊ ಡಿ ಜನೈರೊದಲ್ಲಿ. ಅದನ್ನೂ ನಕ್ಷೆಯಲ್ಲಿ ಗುರುತು ಹಾಕಿ.