ಎರಡು ದಿನದಲ್ಲಿ ಸ್ಟೇಜ್ ಬಣ್ಣ: ಜಿಮ್ ಹುಡುಗರಿಗೆ ನಾನು ಟ್ಯಾನ್ ಹಚ್ಚುವ ರೀತಿ

ದಾವಣಗೆರೆಯಲ್ಲಿ ಕಪ್ಪಗಾಗೋಕೆ ಲೋಷನ್ ಕೇಳಿ ನೋಡಿ, ಅಂಗಡಿಯವರ ಮುಖ ನೋಡುವಂತಿರುತ್ತದೆ. ‘ಟ್ಯಾನ್ ಲೋಷನ್ ಇದೆಯಾ’ ಅಂದರೆ ಟ್ಯಾನ್ ತೆಗೆಯುವ ಫೇಸ್‌ಪ್ಯಾಕ್ ತಂದು ಮುಂದಿಡುತ್ತಾರೆ. ತೆಗೆಯೋದಲ್ಲ ಸಾರ್, ಬರಿಸೋದು ಅಂದರೆ ನಮ್ಮನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಅವರನ್ನು ಏನೂ ಅನ್ನೋ ಹಾಗಿಲ್ಲ. ಬೆಳ್ಳಗಾಗುವ ಕ್ರೀಮ್ ಮಾರಿಯೇ ಎಷ್ಟೋ ಅಂಗಡಿಗಳು ನಡೆದಿವೆ. 2020ರಲ್ಲಿ ಫೇರ್ ಅಂಡ್ ಲವ್ಲಿ ಹೋಗಿ ಗ್ಲೋ ಅಂಡ್ ಲವ್ಲಿ ಬಂತು. ನಮ್ಮ ಕಡೆ ಗಿರಾಕಿಗಳು ಈಗಲೂ ಹಳೇ ಹೆಸರಲ್ಲೇ ಕೇಳುತ್ತಾರೆ.

ದುಡ್ಡು ಕೊಟ್ಟು ಬಣ್ಣ ಬರಿಸಿಕೊಳ್ಳುವವರು ಬಾಡಿ ಬಿಲ್ಡಿಂಗ್ ಸ್ಪರ್ಧೆಗೆ ಹೋಗುವ ನಮ್ಮಂಥವರು. ಗರಡಿ ಮನೆಗಳ ಊರು ಇದು, ಜಿಮ್‌ಗಳಿಗೂ ಬರವಿಲ್ಲ. ನಾನು ಕೆಲವು ವರ್ಷ ಸ್ಟೇಜ್ ಹತ್ತಿದೆ. ಈಗ ಹುಡುಗರನ್ನು ತಯಾರು ಮಾಡುತ್ತೇನೆ. ಸ್ಪರ್ಧೆಯ ಹಿಂದಿನ ರಾತ್ರಿ ಗ್ಲೌಸ್ ಹಾಕಿಕೊಂಡು ಬಣ್ಣ ಹಚ್ಚುವ ಕೆಲಸ ಹೇಗೋ ನನ್ನ ಪಾಲಿಗೇ ಬಂದಿದೆ.

‘ಮೊದಲೇ ಕಪ್ಪಗಿದ್ದೀರಲ್ಲ, ಇನ್ನೂ ಯಾಕೆ?’ ಅಂತ ಕೇಳದವರಿಲ್ಲ. ಎರಡು ಕಾರಣ ಇದೆ. ಸ್ಟೇಜಿನ ಫೋಕಸ್ ಲೈಟು ಮೈಮೇಲೆ ಬಿದ್ದಾಗ ತಿಳಿ ಬಣ್ಣದ ಚರ್ಮದಲ್ಲಿ ಸ್ನಾಯುಗಳ ನಡುವಿನ ನೆರಳು ಅಳಿಸಿಹೋಗುತ್ತದೆ. ತಿಂಗಳುಗಟ್ಟಲೆ ಅನ್ನ ಬಿಟ್ಟು ತಂದ ಕಟ್ಸ್, ಅಂದರೆ ಸ್ನಾಯುಗಳ ಎದ್ದು ಕಾಣುವ ಗೆರೆ, ಜಡ್ಜ್‌ಗಳಿಗೆ ಕಾಣುವುದೇ ಇಲ್ಲ. ಎರಡನೆಯದು ನಮ್ಮ ಕಡೆಯವರಿಗೇ ಇರುವ ತೊಂದರೆ. ನಮ್ಮ ಮೈ ಒಂದೇ ಬಣ್ಣದಲ್ಲಿ ಇರುವುದಿಲ್ಲ. ನನ್ನ ಹತ್ತಿರ ಬರುವ ಒಬ್ಬ ಹುಡುಗ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಹೊರುತ್ತಾನೆ. ಅಂಗಿ ಬಿಚ್ಚಿದರೆ ಬನಿಯನ್ ಇನ್ನೂ ಮೈಮೇಲೆ ಇದ್ದ ಹಾಗೇ ಕಾಣುತ್ತದೆ. ಭುಜ, ಕುತ್ತಿಗೆ, ಮುಂಗೈ ಕಪ್ಪು. ಬನಿಯನ್ ಪಟ್ಟಿ ಇದ್ದ ಜಾಗ ತಿಳಿ. ತೊಡೆಯಂತೂ ಬಿಸಿಲನ್ನೇ ಕಂಡಿಲ್ಲ. ಬೈಕಿನಲ್ಲಿ ಡೆಲಿವರಿ ಮಾಡುವ ಹುಡುಗರಿಗೆ ಟೀ ಶರ್ಟಿನ ತೋಳಿನ ಗೆರೆ, ವಾಚಿನ ಗುರುತು. ಹಾಗಾಗಿ ನಾನು ಮಾಡುವುದು ಕಪ್ಪು ಮಾಡುವ ಕೆಲಸ ಅನ್ನೋದಕ್ಕಿಂತ ಒಂದೇ ಬಣ್ಣ ಮಾಡುವ ಕೆಲಸ. ಇದು ತಲೆಯಲ್ಲಿದ್ದರೆ ಯಾವ ದಾರಿ ಬೇಕು, ಯಾವುದು ಬೇಡ ಅನ್ನೋದು ತಾನೇ ಗೊತ್ತಾಗುತ್ತದೆ.

ಮೊದಲು ಬೇಡದ ದಾರಿಗಳು. ಹುಡುಗರಿಗೆಲ್ಲ ತಟ್ಟನೆ ಹೊಳೆಯುವುದು ಬಿಸಿಲು. ಪುಕ್ಕಟೆ ಸಿಗುತ್ತದೆ, ಅದೂ ನಮ್ಮ ಊರಿನಲ್ಲಿ! ಎಣ್ಣೆ ಹಚ್ಚಿಕೊಂಡು ತಾರಸಿ ಮೇಲೆ ಮಲಗಿದರೆ ಆಯ್ತಲ್ಲ ಅನ್ನುತ್ತಾರೆ. ಏಪ್ರಿಲ್ ಕೊನೆಗೆ ದಾವಣಗೆರೆಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ. ಆ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಚರ್ಮದ ಒಳಗಿನ ಜೀವಕೋಶಗಳನ್ನೇ ಕೆಡಿಸುತ್ತದೆ. ಆ ಪೆಟ್ಟು ತಡೆಯಲು ಮೈ ಮೆಲನಿನ್ ತಯಾರಿಸುತ್ತದೆ, ಅದೇ ನಾವು ನೋಡುವ ಕಪ್ಪು. ಅದು ಆ ಕ್ಷಣಕ್ಕೇ ಬರುವಂಥದ್ದೂ ಅಲ್ಲ. ಬಿಸಿಲಿಗೆ ಹೋದ ದಿನ ಕಾಣುವ ಕಪ್ಪು ಬಹಳ ಹೊತ್ತು ನಿಲ್ಲುವುದಿಲ್ಲ. ನಿಲ್ಲುವ ಬಣ್ಣ ಏಳಲು ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಮೊದಲೇ ಕಪ್ಪಗಿದ್ದ ಭುಜ ಇನ್ನೂ ಕಪ್ಪಾಗಿರುತ್ತದೆ, ತೊಡೆ ಕೆಂಪಗೆ ಸುಟ್ಟು ಸಿಪ್ಪೆ ಏಳುತ್ತದೆ. ಎರಡು ಬಣ್ಣ ಇದ್ದದ್ದು ಮೂರು ಆಯ್ತು ಅಷ್ಟೇ.

ಇನ್ನೊಂದು ಮಾತು ಹೇಳಲೇಬೇಕು. ಸ್ಪರ್ಧೆ ಹತ್ತಿರ ಬಂದಾಗ ಎಷ್ಟೋ ಜನ ನೀರು ಕುಡಿಯುವುದು ಕಡಿಮೆ ಮಾಡುತ್ತಾರೆ. ನನಗೆ ಅದೇ ಇಷ್ಟವಿಲ್ಲ. ಅದರ ಮೇಲೆ ಬಿಸಿಲಿನಲ್ಲಿ ಬೇರೆ ಮಲಗಿದರೆ ಸ್ಟೇಜ್ ಬದಲು ಆಸ್ಪತ್ರೆ ಸೇರಬೇಕಾಗುತ್ತದೆ.

ಟ್ಯಾನಿಂಗ್ ಬೆಡ್, ಅಂದರೆ ಒಳಗೆ ಮಲಗಿ ಮೈ ಕಪ್ಪಾಗಿಸಿಕೊಳ್ಳುವ ಲೈಟಿನ ಹಾಸಿಗೆ, ವಿಡಿಯೋದಲ್ಲಿ ನೋಡಿ ಕೆಲವರು ಕೇಳುತ್ತಾರೆ. ಅದೂ ಅಲ್ಟ್ರಾವಯಲೆಟ್ ಲೈಟೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಅದನ್ನು ಕ್ಯಾನ್ಸರ್ ತರುವವುಗಳ ಪಟ್ಟಿಗೆ, ತಂಬಾಕು ಇರುವ ಪಟ್ಟಿಗೇ ಸೇರಿಸಿತು. ಬ್ರೆಜಿಲ್ ಅದೇ ವರ್ಷ ನಿಷೇಧ ಹಾಕಿತು. ಮೈ ಕಪ್ಪಾಗಿಸುವ ಮೆಲನೊಟಾನ್ ಅನ್ನೋ ಇಂಜೆಕ್ಷನ್ ಆನ್‌ಲೈನಿನಲ್ಲಿ ತರಿಸಿಕೊಳ್ಳುವವರೂ ಇದ್ದಾರೆ. ಪರವಾನಗಿ ಇಲ್ಲದ ಮಾಲು ಅದು. ವಾಕರಿಕೆ ಬರುತ್ತದೆ, ಮಚ್ಚೆಗಳು ಕಪ್ಪಾಗಿ ಆಕಾರ ಬದಲಾಗುತ್ತವೆ. ಆ ಸಿರಿಂಜ್ ಹಿಡಿದು ಬಂದವನಿಗೆ ನಾನು ಬಣ್ಣ ಹಚ್ಚುವುದಿಲ್ಲ, ಅಷ್ಟೇ. ಕ್ಯಾರೆಟ್ ಜ್ಯೂಸ್ ಕುಡಿದು ಕಂದು ಆಗ್ತೀನಿ ಅನ್ನುವವರಿಗೆ ಅಂಗೈ ಹಳದಿ ಆಗುತ್ತದೆ. ಕಾಮಾಲೆ ಬಂತೇನೋ ಅಂತ ಮನೆಯವರು ಹೆದರುತ್ತಾರೆ, ಬೇರೇನೂ ಲಾಭವಿಲ್ಲ.

ಉಳಿದದ್ದು ಹಚ್ಚುವ ಬಣ್ಣ. ಇದರಲ್ಲಿ ಎರಡು ಜಾತಿ. ಒಂದು ಸುಮ್ನೆ ಮೇಲೆ ಕೂರುವ ಬ್ರಾಂಜರ್. ಹಚ್ಚಿದ ಕೂಡಲೇ ಬಣ್ಣ ಬರುತ್ತದೆ, ಒರೆಸಿದರೆ ಹೋಗುತ್ತದೆ. ಒರೆಸಿದರೆ ಬಿಡುವ ಬಣ್ಣಕ್ಕೆ ಕೆಲವು ಸ್ಪರ್ಧೆಗಳಲ್ಲಿ ಅವಕಾಶವೇ ಇಲ್ಲ, ನಿಯಮ ಮೊದಲೇ ಕೇಳಿಕೊಳ್ಳಿ. ಇನ್ನೊಂದು ಡಿಎಚ್‌ಎ ಇರುವ ಲೋಷನ್. ಪೂರ್ತಿ ಹೆಸರು ಡೈಹೈಡ್ರಾಕ್ಸಿಅಸಿಟೋನ್. ಒಂದು ಬಗೆಯ ಸಕ್ಕರೆ ಅನ್ನಿ. ಚರ್ಮದ ತೀರ ಮೇಲಿನ ಸತ್ತ ಪದರದಲ್ಲಿರುವ ಅಮೈನೋ ಆಮ್ಲದ ಜೊತೆ ಸೇರಿ ಅದು ಕಂದು ಆಗುತ್ತದೆ. ಕಾವಲಿ ಮೇಲೆ ಬೆಣ್ಣೆದೋಸೆ ಕೆಂಪಗಾಗುವುದೂ ಇದೇ ಜಾತಿಯ ಕ್ರಿಯೆಯಿಂದ. ಇಲ್ಲಿ ಬೆಂಕಿ ಬೇಡ, ಹೊತ್ತು ಬೇಕು. ಎರಡು ಮೂರು ಗಂಟೆಗೆ ಬಣ್ಣ ಏಳಲು ಶುರುವಾಗುತ್ತದೆ. ಪೂರ್ತಿ ಬರಲು ಒಂದು ರಾತ್ರಿ ಬಿಡಬೇಕು. ಆ ಸತ್ತ ಪದರ ಉದುರಿದಂತೆ ಬಣ್ಣವೂ ಹೋಗುತ್ತದೆ, ಹೆಚ್ಚುಕಡಿಮೆ ಒಂದು ವಾರ.

ಇದು ಗೊತ್ತಾದ ಕಥೆ ಚೆನ್ನಾಗಿದೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಅನ್ನುವ ಸಂಶೋಧಕಿ ಒಂದು ಕಾಯಿಲೆ ಇದ್ದ ಮಕ್ಕಳಿಗೆ ಇದನ್ನು ಔಷಧಿಯಾಗಿ ಕುಡಿಸುತ್ತಿದ್ದರು. ಮಕ್ಕಳು ಉಗುಳಿದ್ದು ಬಿದ್ದ ಕಡೆ ಚರ್ಮ ಕಂದು ಆಯಿತು, ಬಟ್ಟೆಗೆ ಕಲೆಯೇ ಆಗಲಿಲ್ಲ. ಆಮೇಲೆ ಅವರು ತಮ್ಮ ಚರ್ಮದ ಮೇಲೇ ಹಚ್ಚಿ ನೋಡಿದರು. ಈಗಿನ ಲೋಷನ್‌ಗಳಿಂದ ಬಟ್ಟೆಗೆ ಕಲೆ ಆಗುತ್ತದಲ್ಲ ಅಂದರೆ, ಅದು ಹೆಚ್ಚಾಗಿ ಜೊತೆಗೆ ಬೆರೆಸಿದ ಬ್ರಾಂಜರ್‌ನದು. ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟಿದೆ ಅಂತ ಕಾಣಲಿ ಎಂದು ಬೆರೆಸಿರುತ್ತಾರೆ.

ಹಚ್ಚುವುದಕ್ಕಿಂತ ಮೈ ತಯಾರು ಮಾಡುವುದೇ ದೊಡ್ಡ ಕೆಲಸ. ಒಂದು ವಾರ ಮೊದಲೇ ದಿನಾ ಹೀರೇಕಾಯಿ ನಾರಿನಿಂದ ಮೈ ಉಜ್ಜಲು ಹೇಳುತ್ತೇನೆ. ಒಣಗಿ ಏಳುತ್ತಿರುವ ಚರ್ಮದ ಮೇಲೆ ಹಚ್ಚಿದರೆ ಬಣ್ಣ ತೇಪೆ ತೇಪೆಯಾಗಿ ಬರುತ್ತದೆ. ಉಜ್ಜಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಬಹುದು. ಆದರೆ ಕೊನೆಯ ದಿನ ಎಣ್ಣೆ ಬಂದ್. ಎಣ್ಣೆ ಕೂತ ಕಡೆ ಬಣ್ಣ ಹಿಡಿಯಲ್ಲ. ಗರಡಿ ಹಿನ್ನೆಲೆಯ ಹುಡುಗರಿಗೆ ಇದು ಕಷ್ಟ, ಎಣ್ಣೆ ಬಿಡು ಅಂದರೆ ಅವರಿಗೆ ಊಟ ಬಿಡು ಅಂದಷ್ಟೇ. ಮೈ ಕೂದಲು ಎರಡು ದಿನ ಮೊದಲೇ ತೆಗೆಯಿಸುತ್ತೇನೆ. ಆವತ್ತೇ ಶೇವ್ ಮಾಡಿದರೆ ಕೂದಲ ಬುಡದ ತೂತುಗಳಲ್ಲಿ ಬಣ್ಣ ಇಳಿದು ಮೈತುಂಬ ಚುಕ್ಕೆ ಕಾಣುತ್ತದೆ. ಡಿಯೋಡರೆಂಟು, ಸೆಂಟು ಹಾಕಬಾರದು. ಕಂಕುಳಲ್ಲಿ ಹಸಿರು ಛಾಯೆ ಬರುತ್ತದೆ. ಕೈ ಎತ್ತಿ ಪೋಸ್ ಕೊಟ್ಟಾಗ ಎಲ್ಲರಿಗೂ ಕಾಣೋದು ಅದೇ ಅಲ್ವಾ?

ಎಲ್ಲಕ್ಕೂ ಮೊದಲು, ವಾರದ ಹಿಂದೆಯೇ, ಮೊಣಕೈ ಒಳಬದಿಯಲ್ಲಿ ರೂಪಾಯಿ ಅಗಲ ಹಚ್ಚಿ ಒಂದೆರಡು ದಿನ ಬಿಟ್ಟು ನೋಡುತ್ತೇನೆ. ತುರಿಕೆ, ಗುಳ್ಳೆ ಬಂದರೆ ಅವನಿಗೆ ಲೋಷನ್ ಇಲ್ಲ. ಬಣ್ಣದ ಅಂದಾಜೂ ಇದರಲ್ಲೇ ಸಿಗುತ್ತದೆ. ಹೊರದೇಶದ ವಿಡಿಯೋ ನೋಡಿ ನಾಲ್ಕೈದು ಕೋಟ್ ಹಚ್ಚುವುದು ನಮಗಲ್ಲ. ಬೆಳ್ಳಗಿರುವ ಹುಡುಗನಿಗೆ ಮೂರು ತೆಳು ಕೋಟ್, ಕಪ್ಪಗಿರುವವನಿಗೆ ಒಂದೋ ಎರಡೋ. ಬಾಟಲಿ ಹಳೆಯದಾದರೆ ಡಿಎಚ್‌ಎ ಸತ್ವ ಕಳೆದುಕೊಳ್ಳುತ್ತದೆ. ಹೋದ ವರ್ಷ ಸೀಲ್ ಒಡೆದು ಇಟ್ಟ ಬಾಟಲಿಯನ್ನು ನಾನು ಮುಟ್ಟುವುದಿಲ್ಲ.

ಸ್ಪರ್ಧೆಯ ಹಿಂದಿನ ಸಂಜೆ ಸೋಪು ಹಾಕಿ ಸ್ನಾನ, ಪೂರ್ತಿ ಒರೆಸಿಕೊಂಡು ಫ್ಯಾನ್ ಕೆಳಗೆ ಮೈ ಆರಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಕೆಲಸ ಅಲ್ಲಿಗೇ ನಿಲ್ಲಿಸುತ್ತೇನೆ. ಬೆವರಿನ ಮೇಲೆ ಹಚ್ಚಿದ ಬಣ್ಣ ಸೀದಾ ಕೆಳಗೆ ಇಳಿದು ಗೆರೆ ಬೀಳುತ್ತದೆ. ಸ್ಪ್ರೇಗಿಂತ ನನಗೆ ಸ್ಪಂಜೇ ವಾಸಿ. ಡಿಎಚ್‌ಎ ಇರುವುದು ಚರ್ಮದ ಮೇಲೆ ಹಚ್ಚಲು, ಉಸಿರಾಡಲು ಅಲ್ಲ. ಸಣ್ಣ ರೂಮಿನಲ್ಲಿ ಸ್ಪ್ರೇ ಹೊಡೆದರೆ ಮೂಗು, ಕಣ್ಣು, ಬಾಯಿ ಎಲ್ಲ ಕಡೆ ಹೋಗುತ್ತದೆ.

ಕಾಲಿನಿಂದ ಶುರು ಮಾಡಿ ಮೇಲೆ ಬರುತ್ತೇನೆ. ಉದ್ದಕ್ಕೆ ಎಳೆದು, ಆಮೇಲೆ ಅದರ ಮೇಲೆ ಅಡ್ಡ ಎಳೆಯುತ್ತೇನೆ. ಮೊಣಕಾಲು, ಮೊಣಕೈ, ಹಿಮ್ಮಡಿ, ಬೆರಳಿನ ಗೆಣ್ಣುಗಳಲ್ಲಿ ಚರ್ಮ ದಪ್ಪ, ಅಲ್ಲಿ ಬಣ್ಣ ಜಾಸ್ತಿ ಕುಡಿಯುತ್ತದೆ. ಆ ಜಾಗಕ್ಕೆ ಮೊದಲೇ ಒಂದು ಉಗುರಿನಷ್ಟು ವ್ಯಾಸಲಿನ್ ಸವರಿ, ಸ್ಪಂಜಿನಲ್ಲಿ ಉಳಿದದ್ದನ್ನಷ್ಟೇ ಎಳೆಯುತ್ತೇನೆ. ಯಾರ್ಡಿನ ಹುಡುಗನ ವಿಷಯದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಮೊದಲ ಕೋಟ್ ಬರೀ ತೊಡೆ, ಎದೆ, ಬನಿಯನ್ ಪಟ್ಟಿಯ ಜಾಗಕ್ಕೆ ಮಾತ್ರ. ಭುಜದ ಅಂಚಿಗೆ ಬಂದಾಗ ಸ್ಪಂಜನ್ನು ಒತ್ತದೆ, ಸುಮ್ನೆ ತಾಗಿಸಿ ಬಿಡಬೇಕು, ಇಲ್ಲದಿದ್ದರೆ ಗೆರೆ ಇದ್ದ ಕಡೆ ಹೊಸ ಗೆರೆ ಏಳುತ್ತದೆ. ಅದು ಬಣ್ಣಕ್ಕೆ ಬಂದು ಭುಜಕ್ಕೆ ಹತ್ತಿರವಾದ ಮೇಲೆ ಇಡೀ ಮೈಗೆ ಒಂದು ತೆಳು ಕೋಟ್. ಅವನಿಗೆ ಮಾತ್ರ ಒಂದು ದಿನ ಮೊದಲೇ ಶುರು ಮಾಡುವುದು ಇದಕ್ಕೇ. ಮುಖ ಎಲ್ಲರಿಗೂ ಕೊನೆಗೆ. ನಮ್ಮವರ ಮುಖ ಮೊದಲೇ ಬಿಸಿಲು ಕಂಡಿರುತ್ತದೆ, ಎಷ್ಟೋ ಸಲ ಏನೂ ಬೇಕಾಗುವುದಿಲ್ಲ. ಕಿವಿ ಹಿಂದೆ ಮರೆಯಬಾರದು. ಬೆನ್ನನ್ನು ತಾನೇ ಹಚ್ಚಿಕೊಳ್ತೀನಿ ಅನ್ನುವವನನ್ನು ನಂಬಬೇಡಿ. ಗ್ಲೌಸ್ ಹಾಕದೆ ಹಚ್ಚಿದವರ ಅಂಗೈ ಒಂದು ವಾರ ಸಾಕ್ಷಿ ಹೇಳುತ್ತದೆ.

ಆಮೇಲೆ ರಾತ್ರಿ. ಇದನ್ನು ಯಾವ ವಿಡಿಯೋದಲ್ಲೂ ಸರಿಯಾಗಿ ಹೇಳುವುದಿಲ್ಲ. ಹಚ್ಚಿ ಅರ್ಧ ಗಂಟೆ ಕೈಕಾಲು ಅಗಲಿಸಿ ನಿಂತೇ ಇರಬೇಕು. ಕೂತರೆ ಮೊಣಕಾಲಿನ ಹಿಂದೆ ಮಡಿಕೆ ಬಿದ್ದು ಬಿಳಿ ಗೆರೆ. ಮಲಗುವಾಗ ತುಂಬು ತೋಳಿನ ಸಡಿಲ ಹಳೇ ಅಂಗಿ, ಹಳೇ ಕಪ್ಪು ಲುಂಗಿ. ಒಳ್ಳೆಯ ಬೆಡ್‌ಶೀಟ್ ಕೊಡಬೇಡಿ ಅಂತ ಹುಡುಗರ ಅಮ್ಮಂದಿರಿಗೆ ನಾನೇ ಫೋನ್ ಮಾಡುತ್ತೇನೆ. ಲಾಡ್ಜಿನಲ್ಲಿ ಇಳಿದರೆ ಹಾಸಿಗೆ ಮೇಲೆ ನಮ್ಮದೇ ಚಾದರ, ಇಲ್ಲದಿದ್ದರೆ ಬೆಳಗ್ಗೆ ದಂಡ ಕಟ್ಟಬೇಕು. ನೀರು ಸ್ಟ್ರಾದಲ್ಲಿ ಕುಡಿಯಬೇಕು. ಗಲ್ಲದಿಂದ ಬಿದ್ದ ಒಂದು ಹನಿ ಎದೆ ಮೇಲೆ ಹೊಟ್ಟೆವರೆಗೆ ದಾರಿ ಮಾಡಿಕೊಂಡು ಹೋಗುತ್ತದೆ. ಊಟ ಚಮಚದಲ್ಲಿ. ಇನ್ನು ಎಲ್ಲಕ್ಕಿಂತ ದೊಡ್ಡ ಗಂಡಾಂತರ ಬೆಳಗಿನ ಚೊಂಬು. ನಮ್ಮ ಪದ್ಧತಿಯಲ್ಲಿ ನೀರು ಎಲ್ಲೆಲ್ಲಿ ಹರಿಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬಣ್ಣ ಪೂರ್ತಿ ಕೂರುವ ಮೊದಲೇ ನೀರು ಬಿದ್ದರೆ ತೊಡೆಯ ಹಿಂಭಾಗದ್ದು ತೊಳೆದುಹೋಗಿ, ಬೆನ್ನು ತಿರುಗಿಸಿ ಪೋಸ್ ಕೊಟ್ಟಾಗ ಸಭಿಕರಿಗೆಲ್ಲ ದರ್ಶನ. ಆ ಒಂದು ದಿನ ಟಿಶ್ಯೂ ಪೇಪರ್ ಬಳಸಿ, ನಾಚಿಕೆ ಬೇಡ.

ಬೆಳಗ್ಗೆ ಬರೀ ತಣ್ಣೀರು, ಸೋಪಿಲ್ಲದೆ, ಉಜ್ಜದೆ. ಕಂದು ನೀರು ಹರಿದರೆ ಹುಡುಗರು ಹೆದರುತ್ತಾರೆ. ಹೋಗುತ್ತಿರುವುದು ಬ್ರಾಂಜರ್, ನಿಜವಾದ ಬಣ್ಣ ಒಳಗೆ ಕೂತಿರುತ್ತದೆ. ಒರೆಸುವಾಗ ಟವೆಲ್ ಒತ್ತಬೇಕು, ಎಳೆಯಬಾರದು. ಆಮೇಲೆ ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನೋಡಿ ತೀರ್ಮಾನ ಮಾಡಬೇಡಿ, ಅದರಲ್ಲಿ ಎಲ್ಲರೂ ಕಾಯಿಲೆ ಬಿದ್ದವರ ಹಾಗೆ ಕಾಣುತ್ತಾರೆ. ನಾನು ಒಂದು ಫೋಕಸ್ ಲೈಟ್ ಒಯ್ಯುತ್ತೇನೆ. ಅದರ ಮುಂದೆ ನಿಲ್ಲಿಸಿ, ಕಮ್ಮಿ ಇದ್ದ ಕಡೆ ಕೊನೇ ಕೋಟ್. ಸ್ಟೇಜಿಗೆ ಹೋಗುವ ಮುಂಚೆ ಅಂಗೈಯಲ್ಲಿ ಸವರಿದಷ್ಟೇ ಎಣ್ಣೆ, ಹೊಳಪಿಗೆ. ಸುರಿದರೆ ರಾತ್ರಿಯೆಲ್ಲ ಪಟ್ಟ ಕಷ್ಟ ಪಾದದ ಹತ್ತಿರ ಬಂದು ನಿಲ್ಲುತ್ತದೆ.

ಈ ಬಣ್ಣ ಬಿಸಿಲಿನಿಂದ ಕಾಪಾಡುತ್ತದೆ ಅಂದುಕೊಳ್ಳುವವರಿದ್ದಾರೆ. ಕಾಪಾಡುವುದಿಲ್ಲ. ಮೆಲನಿನ್ ಬೇರೆ, ಇದು ಬೇರೆ. ಹಚ್ಚಿದ ಮೊದಲ ದಿನವಂತೂ ಬಿಸಿಲಿಗೆ ಹೋಗದಿರುವುದೇ ಒಳ್ಳೆಯದು. ಕಪ್ ಹಿಡಿದು ಬೈಕಿನ ಮೇಲೆ ಊರು ಸುತ್ತಬೇಕು ಅಂದರೆ ಸನ್‌ಸ್ಕ್ರೀನ್ ಹಚ್ಚಿ, ಮೇಲೊಂದು ತುಂಬು ತೋಳಿನ ಅಂಗಿ ಹಾಕಿ ಹೋಗಿ.

ಬಣ್ಣ ಬರಿಸಿದಷ್ಟು ಬೇಗ ಹೋಗುವುದಿಲ್ಲ. ಸ್ಪರ್ಧೆ ಮುಗಿದ ರಾತ್ರಿಯೇ ಎಣ್ಣೆ ಸ್ನಾನ ಮಾಡಿಸಿ. ಬಿಸಿ ನೀರು, ಕಡಲೆಹಿಟ್ಟು, ಅದೇ ಹೀರೇಕಾಯಿ ನಾರು. ಎದೆ, ಹೊಟ್ಟೆ ಮೂರು ನಾಲ್ಕು ದಿನಕ್ಕೆ ತಿಳಿಯಾಗುತ್ತವೆ. ಕುತ್ತಿಗೆಯ ಮಡಿಕೆ, ಕಿವಿಯ ಹಿಂದೆ, ಹಿಮ್ಮಡಿಯಲ್ಲಿ ಕೊನೆವರೆಗೂ ಉಳಿಯುತ್ತದೆ. ಮರುವಾರ ಮನೆಯಲ್ಲಿ ಮದುವೆ ಇದ್ದರೆ ಫೋಟೋಗ್ರಾಫರಿಗೆ ಮೊದಲೇ ಹೇಳಿಡಿ. ನಿಂಬೆಹಣ್ಣು ಉಜ್ಜಿದರೆ ಬೇಗ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಶೇವ್ ಮಾಡಿದ ಚರ್ಮಕ್ಕೆ ಅದು ಬೆಂಕಿ ಇಟ್ಟ ಹಾಗೆ ಉರಿಯುತ್ತದೆ, ಬಣ್ಣವೂ ಅಲ್ಲೇ ಇರುತ್ತದೆ.